ಪ್ರಕರಣ: ಮಡಚುವ ಕೆಲಸವೆಲ್ಲ ಸೂಪರ್‌ವೈಸರ್ ಪಾಲಿಗೆ

(ಗುರುತು ಸಿಗದಂತೆ ವಿವರ ಬದಲಿಸಲಾಗಿದೆ.)

ಬಾಗಲಕೋಟೆಯ ಬಟ್ಟೆ ಅಂಗಡಿಯೊಂದರಲ್ಲಿ ಆರು ವರ್ಷ ಸೇಲ್ಸ್‌ನಲ್ಲಿದ್ದ 31ರ ಮಹಿಳೆ ನಾಲ್ಕು ತಿಂಗಳ ಹಿಂದೆ ಸೂಪರ್‌ವೈಸರ್ ಆದರು. ಕೈಕೆಳಗೆ ಏಳು ಜನ. ಅವರಲ್ಲೊಬ್ಬರು ಇವರಿಗೇ ಸೀರೆ ಮಡಚಲು ಕಲಿಸಿದ ಕಾಕಾ. ನಮ್ಮಲ್ಲಿ ಸಲಹೆಗೆ ಬಂದಾಗ ಹೇಳಿದ ದೂರು: ನಿದ್ದೆಯಿಲ್ಲ, ರಾತ್ರಿ ಸ್ಟಾಕ್ ಎಣಿಸುವಾಗ ಎದೆ ಢವಢವ. "ನನ್ನ ಮಾತು ಯಾರೂ ಕೇಳಂಗಿಲ್ರೀ."

ಮೊದಲು ರಕ್ತಹೀನತೆ, ಥೈರಾಯ್ಡ್ ಪರೀಕ್ಷೆಗೆ ಕಳಿಸಿದೆವು, ಎರಡೂ ಸರಿಯಿದ್ದವು. ಆಮೇಲೆ ಒಂದು ವಾರದ ದಿನಚರಿ ಬರೆಸಿದೆವು. ಗಿರಾಕಿ ತುಂಬುವ ಸಂಜೆ ಆರರಿಂದ ಎಂಟರತನಕ ಬೇರೆಯವರು ಕೌಂಟರ್ ಮೇಲೆ ಹರವಿಬಿಟ್ಟ ಸೀರೆಗಳನ್ನು ಇವರು ತಾವೇ ಮಡಚುತ್ತಿದ್ದರು. ಹೇಳಿದರೆ ಕಾಕಾ ಬೇಜಾರಾದಾರು ಎಂಬ ಅಂಜಿಕೆ. ಕಮಿಷನ್ ಇದ್ದದ್ದು ಅವರವರ ಬಿಲ್ಲಿನ ಮೇಲೆ. ಹಾಗಾಗಿ ಎಲ್ಲರೂ ಬಾಗಿಲ ಕಡೆ ಓಡುವವರೇ. ಕಾಸು ಹುಟ್ಟದ ಮಡಚುವ ಕೆಲಸ ಯಾರಿಗೆ ಬೇಕು?

ಗಿರಾಕಿ ನೋಡಿಕೊಳ್ಳಲು ಸೇಲ್ಸ್‌ನವರಿಗೆ ಪಾಳಿ ಹಚ್ಚಿ ಎಂದೆವು. ತೋರಿಸಿದ ಮಾಲು ಕಪಾಟಿಗೆ ಸೇರಿದ ಮೇಲಷ್ಟೇ ಮುಂದಿನ ಪಾಳಿ. ಗದ್ದಲದ ಹೊತ್ತಿನಲ್ಲಿ ಇಬ್ಬರು ಬರೀ ಮಡಚಲಿ, ತಾಸಿಗೊಮ್ಮೆ ಬದಲಾಗಲಿ. ಅರ್ಧ ಕಮಿಷನ್ ಎಲ್ಲರಿಗೂ ಹಂಚುವಂತೆ ಮಾಲೀಕರನ್ನು ಕೇಳಬೇಕು. ಅದಾಗದಿದ್ದರೆ ಪಾಳಿ ಹೆಚ್ಚು ದಿನ ನಿಲ್ಲದು.

ನಿಜವಾದ ಅಂಜಿಕೆ ಬೇರೆಯಿತ್ತು: ಎಣಿಕೆಯಲ್ಲಿ ಮಾಲು ಕಡಿಮೆ ಬಿದ್ದರೆ ಮಾಲೀಕರು ಎಲ್ಲರ ಪಗಾರದಲ್ಲೂ ಸಮನಾಗಿ ಮುರಿಯುತ್ತಿದ್ದರು, ಕಡಿಮೆ ಬಿದ್ದದ್ದರ ಪಟ್ಟಿ ಬರೆಯುವ ಕೈ ಇವರದು. ಯಾರ ನಿರ್ಲಕ್ಷ್ಯವೆಂದು ತೋರಿಸದೆ, ಅವರ ಮಾತು ಕೇಳದೆ ಹಾಗೆ ಮುರಿಯಲು ಕಾನೂನು ಒಪ್ಪುವುದಿಲ್ಲ. ಕಳವು ಎನ್ನುವ ಮುಂಚೆ ಮೂರು ಕಡೆ ನೋಡಲು ಹೇಳಿದೆವು. ಆಲ್ಟರೇಷನ್‌ಗೆಂದು ಟೇಲರ್ ಹತ್ತಿರ ಉಳಿದದ್ದು. ಬದಲಿಸಿಕೊಟ್ಟು ಕಂಪ್ಯೂಟರಿಗೆ ಏರಿಸದೆ ಬಿಟ್ಟದ್ದು. ಬೇರೆ ಸೈಜಿನ ಬಾರ್‌ಕೋಡ್‌ನಲ್ಲಿ ಬಿಲ್ಲಾದದ್ದು. ಹೀಗೆ ಬಿಲ್ಲಾದಾಗ ಒಂದು ಸೈಜು ಕಡಿಮೆ ಬಿದ್ದರೆ ಇನ್ನೊಂದು ಹೆಚ್ಚಿಗೆ ತೋರಿಸುತ್ತದೆ. ದಣಿದ ಕಣ್ಣಿಂದ ರಾತ್ರಿ ಇಡೀ ಅಂಗಡಿ ಎಣಿಸುವ ಬದಲು ಮುಂಜಾನೆ ದಿನಕ್ಕೊಂದು ಕಪಾಟು, ಇಬ್ಬರು ಕೂಡಿ ಎಣಿಸಲಿ.

ಕಾಕಾ ಜೊತೆಗಿನ ಮಾತನ್ನು ಇಲ್ಲೇ ನಾಲ್ಕು ಸಲ ಆಡಿಸಿದೆವು: "ಕಾಕಾ, ನಿನ್ನೆ ಏಳಕ್ಕ ಇಳಕಲ್ ಸೀರಿ ಹನ್ನೆರಡು ಮಡಚಲಾರದ ಉಳದಿದ್ವು. ಏನಾಗಿತ್ರೀ?" ಮಾಲು, ಹೊತ್ತು, ಎಣಿಕೆ, ಅಷ್ಟೇ. "ನೀವು ಯಾವಾಗ್ಲೂ ಹಿಂಗ" ಎಂದರೆ ಜಗಳ ಶುರು. ಇಳಕಲ್ ಸೀರೆಯ ಮೈಗೂ ಸೆರಗಿಗೂ ಎಳೆ ಕೊಂಡಿ ಹಾಕಿದ ಜೋಡಣೆಯನ್ನು ಹೊಸ ಹುಡುಗಿಯರಿಗೆ ತೋರಿಸಿಕೊಡುವ ಹೊಣೆ ಕಾಕಾಗೇ ಕೊಡಲು ಸೂಚಿಸಿದೆವು.

ಮೂರನೇ ಭೇಟಿಯ ಹೊತ್ತಿಗೆ ಐದಾರು ತಾಸು ನಿದ್ದೆ ಬರುತ್ತಿತ್ತು. ಕಾಕಾ ಇನ್ನೂ ಗೊಣಗುತ್ತಾರೆ, ಆದರೆ ಮಡಚುತ್ತಾರೆ. ಮಾಲೀಕರು ಪಗಾರ ಮುರಿಯುವುದನ್ನು ನಿಲ್ಲಿಸಿದ್ದಾರೆ. ಕಮಿಷನ್ ಮಾತಿಗೆ ನಾಗರ ಪಂಚಮಿ ಸೀಸನ್ ಮುಗಿಯಲಿ ಎಂದಿದ್ದಾರಂತೆ.