ಶೇಕಡ 80ರಷ್ಟು ಬ್ಲಾಕ್ ಇದ್ದರೆ ಸ್ಟೆಂಟ್ ಹಾಕಿಸಲೇಬೇಕೇ?

ದಿಣ್ಣೆ ಹತ್ತುವಾಗ ಮಾತ್ರ ನಿಮ್ಮ ತಂದೆಯವರ ಎದೆ ಬಿಗಿಯುತ್ತದೆ, ನಿಂತರೆ ಸರಿಹೋಗುತ್ತದೆ, ಆಂಜಿಯೋಗ್ರಾಂನಲ್ಲಿ ಹೃದಯದ ಒಂದು ರಕ್ತನಾಳ ಶೇಕಡ 80ರಷ್ಟು ಕಟ್ಟಿಕೊಂಡಿರುವುದು ಕಂಡಿದೆ, ಸ್ಟೆಂಟ್ (ನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆ) ಹಾಕಿಸದಿದ್ದರೆ ಹೃದಯಾಘಾತ ಖಚಿತವೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ. ತುಮಕೂರಿನಲ್ಲಿ ಜೀವಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು; ಇದೇ ಪ್ರಶ್ನೆ ನನಗೂ ಎದುರಾದಾಗ ಒಂದಿಷ್ಟು ಓದಿಕೊಂಡೆ.

ನಮ್ಮ ಕಡೆಯ ಕೊಳವೆಬಾವಿಯ ನೀರಿಗೆ ಡ್ರಿಪ್ ಪೈಪಿನಲ್ಲಿ ಉಪ್ಪು ಕಟ್ಟಿಕೊಳ್ಳುವಂತೆ ರಕ್ತನಾಳವೂ ನಿಧಾನವಾಗಿ ತುಂಬಿ ಒಂದು ದಿನ ಪೂರ್ತಿ ಮುಚ್ಚಿಹೋಗುತ್ತದೆ ಎಂದೇ ನಾನೂ ತಿಳಿದಿದ್ದೆ. ಆದರೆ ಬಹುತೇಕ ಹೃದಯಾಘಾತಗಳಲ್ಲಿ ಆಗುವುದು ಬೇರೆ: ನಾಳದ ಗೋಡೆಯೊಳಗೆ ಕೂತ ಕೊಬ್ಬಿನ ತೆಳು ಪೊರೆ ಹರಿದು, ಅದರ ಮೇಲೆ ರಕ್ತ ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತದೆ. ಹಾಗೆ ಹರಿಯುವ ಜಾಗ ಎಷ್ಟೋ ಸಲ ಅಷ್ಟೇನೂ ಕಿರಿದಾಗಿರುವುದಿಲ್ಲ. ಸ್ಟೆಂಟ್ ಒಂದು ಜಾಗವನ್ನು ಮಾತ್ರ ಅಗಲಿಸುತ್ತದೆ. ಕೊಲೆಸ್ಟ್ರಾಲ್ ತಗ್ಗಿಸುವ ಸ್ಟ್ಯಾಟಿನ್ ಮಾತ್ರೆ ಎಲ್ಲ ನಾಳಗಳ ಮೇಲೂ ಕೆಲಸ ಮಾಡುತ್ತದೆ.

2020ರಲ್ಲಿ ಪ್ರಕಟವಾದ ‘ಇಸ್ಕೀಮಿಯಾ’ ಅಧ್ಯಯನದಲ್ಲಿ, ಭಾರತವೂ ಸೇರಿ 37 ದೇಶಗಳ 5179 ರೋಗಿಗಳನ್ನು ಮೂರು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದಾಗ, ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿಕೊಂಡವರಿಗೂ ಮೊದಲಿಗೆ ಮಾತ್ರೆಗಳಲ್ಲೇ ಉಳಿದವರಿಗೂ ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಎದೆನೋವು ಮಾತ್ರ ಮೊದಲ ಗುಂಪಿನಲ್ಲಿ ಹೆಚ್ಚು ತಗ್ಗಿತು. 2023ರ ‘ಆರ್ಬಿಟಾ-2’ ಇನ್ನೂ ಕಟ್ಟುನಿಟ್ಟಾದದ್ದು: ಅರ್ಧ ಜನರಿಗೆ ಸ್ಟೆಂಟ್ ಹಾಕದೆ ಬರೀ ಹಾಕಿದಂತೆ ಮಾಡಿ ಹೋಲಿಸಿದರು. ಎದೆನೋವು ತಡೆಯುವ ಹೃದಯದ ಮಾತ್ರೆಗಳನ್ನು ನಿಲ್ಲಿಸಿದ್ದ ಆ ರೋಗಿಗಳಲ್ಲಿ ಸ್ಟೆಂಟ್ ಎದೆನೋವನ್ನು ನಿಜವಾಗಿಯೂ ತಗ್ಗಿಸಿತು. ಆದ್ದರಿಂದ ಸ್ಟೆಂಟ್ ಎಂದರೆ ದುಡ್ಡು ಕೀಳುವ ದಂಧೆ ಎಂಬ ನಿಮ್ಮ ಅಣ್ಣನವರ ಮಾತನ್ನೂ ನಾನು ಒಪ್ಪುವುದಿಲ್ಲ.

ನನಗೆ ಮಾತ್ರೆ ಮತ್ತು ಅಮಾನಿಕೆರೆಯ ಸುತ್ತಲಿನ ನಡಿಗೆಯಲ್ಲೇ ನೋವು ಹತೋಟಿಗೆ ಬಂತು. ನನ್ನ ಭಾವನವರಿಗೆ ಬರಲಿಲ್ಲ, ಅವರು ಸ್ಟೆಂಟ್ ಹಾಕಿಸಿಕೊಂಡು ಆರಾಮವಾಗಿದ್ದಾರೆ.

ಆದರೆ ಎಡಭಾಗದ ಮುಖ್ಯ ನಾಳದಲ್ಲೇ ತಡೆ ಇದ್ದವರನ್ನೂ ಹೃದಯದ ಪಂಪಿಂಗ್ ತೀರಾ ಕುಗ್ಗಿದವರನ್ನೂ ‘ಇಸ್ಕೀಮಿಯಾ’ದಲ್ಲಿ ಸೇರಿಸಿಕೊಂಡಿರಲಿಲ್ಲ. ತಂದೆಯವರಿಗೆ ಇವೆರಡರಲ್ಲಿ ಯಾವುದಾದರೂ ಇದೆಯೇ ಎಂದು ವೈದ್ಯರನ್ನು ಮೊದಲು ಕೇಳಿ. ಇಲ್ಲವೆಂದರೆ, ಒಂದಷ್ಟು ಕಾಲ ಮಾತ್ರೆಗಳನ್ನು ಸರಿಯಾಗಿ ಕೊಟ್ಟು ನೋಡಬಹುದೇ ಎಂದೂ ಕೇಳಿ. ಕೂತಲ್ಲೇ ನೋವು ಬಂದು, ಬೆವರಿ, ಕಡಿಮೆಯಾಗದಿದ್ದರೆ ಮಾತ್ರ ಈ ಲೆಕ್ಕಾಚಾರ ಯಾವುದೂ ಅನ್ವಯಿಸುವುದಿಲ್ಲ. ಆಗ ಬೆಂಗಳೂರಿಗೇ ಹೋಗೋಣವೆಂದು 70 ಕಿಲೋಮೀಟರ್ ಕಾರಿನಲ್ಲಿ ಕೂರಿಸದೆ, ಇಸಿಜಿ ತೆಗೆದು ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಲ್ಲ ಹತ್ತಿರದ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಿರಿ.