ರಸಾಯನಶಾಸ್ತ್ರದ 64 ಅಂಕ ಮತ್ತು ಸಿಇಟಿ ರ‍್ಯಾಂಕ್

ಪ್ರಶ್ನೆ: ನನ್ನ ಮಗಳಿಗೆ ದ್ವಿತೀಯ ಪಿಯುಸಿ ಪರೀಕ್ಷೆ-1ರಲ್ಲಿ ಕನ್ನಡದಲ್ಲಿ 94, ಭೌತಶಾಸ್ತ್ರದಲ್ಲಿ 91, ಗಣಿತದಲ್ಲಿ 95, ಗಣಕ ವಿಜ್ಞಾನದಲ್ಲಿ 92 ಅಂಕಗಳು ಬಂದಿವೆ. ರಸಾಯನಶಾಸ್ತ್ರದಲ್ಲಿ ಮಾತ್ರ 64. ಥಿಯರಿಯಲ್ಲಿ 35, ಪ್ರಾಯೋಗಿಕದಲ್ಲಿ 29. ಸಿಇಟಿ ಬರೆದಾಗಿದೆ, ಜೆಇಇ ತಯಾರಿಯೂ ನಡೆದಿದೆ. ಒಂದು ವಿಷಯ ಕೈಕೊಟ್ಟಿತು, ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವೂ ಇಲ್ಲ, ಧಾರವಾಡದ ಐಐಟಿಯೂ ಇಲ್ಲ ಎಂದು ಅಂಕಪಟ್ಟಿಯನ್ನು ಬಚ್ಚಿಟ್ಟುಕೊಂಡು ಕುಳಿತಿದ್ದಾಳೆ. ಏನು ಮಾಡಬೇಕು?
– ಒಬ್ಬ ತಾಯಿ, ಗದಗ

ಉತ್ತರ: ತಾಯೀ, ಮೊದಲು ಐಐಟಿಯ ಮಾತು. ಅಲ್ಲಿ ಸೀಟು ನಿರ್ಧಾರವಾಗುವುದು ಜೆಇಇ ಅಡ್ವಾನ್ಸ್ಡ್ ರ‍್ಯಾಂಕಿನಿಂದ. ಪಿಯುಸಿ ಅಂಕ ಕೇವಲ ಅರ್ಹತೆಗೆ. ಐದು ವಿಷಯಗಳಲ್ಲಿ ಒಟ್ಟು ಶೇ. 75 ಇದ್ದರೆ ಸಾಕು, ನಿಮ್ಮ ಮಗಳಿಗೆ 500ಕ್ಕೆ 436 ಇವೆ. ಅಲ್ಲಿ ಈ 64 ಅವಳಿಗೆ ಅಡ್ಡ ಬರುವುದಿಲ್ಲ.

ಸಿಇಟಿಯ ಲೆಕ್ಕವೇ ಬೇರೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತದ ಪಿಯುಸಿ ಅಂಕಗಳಿಂದ ಅರ್ಧ, ಸಿಇಟಿ ಅಂಕಗಳಿಂದ ಇನ್ನರ್ಧ ತೆಗೆದುಕೊಳ್ಳುತ್ತಾರೆ. ಈಗ ಅವಳಿಗೆ ಮೂರು ವಿಷಯಗಳಲ್ಲಿ 300ಕ್ಕೆ 250 ಇವೆ. ರಸಾಯನಶಾಸ್ತ್ರದಲ್ಲಿ 84 ಬಂದಿದ್ದರೆ 270 ಆಗುತ್ತಿತ್ತು. ಆ 20 ಅಂಕಗಳ ಕೊರತೆಯನ್ನು ಸಿಇಟಿಯಲ್ಲೇ ತುಂಬಿಕೊಳ್ಳಬೇಕೆಂದರೆ, ಪಿಯುಸಿಯ 300 ಅಂಕ ಮತ್ತು ಸಿಇಟಿಯ 180 ಅಂಕ (ಪ್ರಶ್ನೆಗೊಂದು ಅಂಕ) ಸಮತೂಕದವಾದ್ದರಿಂದ, 12 ಪ್ರಶ್ನೆಗಳಿಗೆ ಹೆಚ್ಚುವರಿಯಾಗಿ ಸರಿಯುತ್ತರ ಬರೆದಿರಬೇಕು. ಇದು ಸಣ್ಣ ಅಂತರವೆಂದು ನಾನು ಹೇಳಲಾರೆ. ಬೇಡಿಕೆಯಿರುವ ಶಾಖೆಗಳಲ್ಲಿ ಇಷ್ಟು ಅಂತರಕ್ಕೆ ರ‍್ಯಾಂಕ್ ಸಾಕಷ್ಟು ಹಿಂದೆ ಸರಿಯುತ್ತದೆ. ಆದರೆ ಬಾಗಿಲು ಮುಚ್ಚಿತೆನ್ನುವುದು ತಪ್ಪು.

ಸಿಇಟಿ ಮುಗಿದಿರುವುದರಿಂದ ಅದರ ಅಂಕ ಇನ್ನು ಬದಲಾಗದು, ಬದಲಾಗಬಹುದಾದದ್ದು ರಸಾಯನಶಾಸ್ತ್ರದ್ದೊಂದೇ. 2024ರಿಂದ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ವಿಷಯವಾರು ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಅಂದರೆ ಪರೀಕ್ಷೆ-2ರಲ್ಲಿ ರಸಾಯನಶಾಸ್ತ್ರವೊಂದನ್ನೇ ಬರೆದರೆ ಕಳೆದುಕೊಳ್ಳುವುದೇನೂ ಇಲ್ಲ.

ಅದಕ್ಕೂ ಮೊದಲು ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕಿರಿ. ಪ್ರಾಯೋಗಿಕದಲ್ಲಿ 30ಕ್ಕೆ 29 ಪಡೆದ ಹುಡುಗಿಗೆ ವಿಷಯವೇ ಬಾರದೆಂದು ನನಗೆ ಅನ್ನಿಸುವುದಿಲ್ಲ. ಸಾವಯವ ರಸಾಯನಶಾಸ್ತ್ರದ ಸಮೀಕರಣಗಳಲ್ಲಿ ಅಂಕ ಹೋಗಿವೆಯೋ, ಭೌತ ರಸಾಯನಶಾಸ್ತ್ರದ ಲೆಕ್ಕಗಳನ್ನು ಸಮಯ ಸಾಲದೆ ಅರ್ಧಕ್ಕೆ ಬಿಟ್ಟಿದ್ದಾಳೆಯೋ ಎಂಬುದು ಪುಟ ತಿರುವಿದರೆ ಅವಳಿಗೇ ತಿಳಿಯುತ್ತದೆ, ಓದುವುದನ್ನು ಅಲ್ಲಿಂದಲೇ ಶುರುಮಾಡಬಹುದು. ಎಲ್ಲಾದರೂ ಕೂಡುವಿಕೆ ತಪ್ಪಿದ್ದರೆ ಮರುಎಣಿಕೆಯನ್ನೂ ಕೇಳಬಹುದು.

ಪಾಸಾದವಳು ಮತ್ತೆ ಪರೀಕ್ಷೆಗೆ ಕುಳಿತಳೆಂದು ನೆಂಟರು ಆಡಿಕೊಂಡಾರೆಂಬ ಅಳುಕು ಮನೆಯಲ್ಲಿದ್ದರೆ ದಯವಿಟ್ಟು ಅದನ್ನು ಅವಳವರೆಗೆ ಹೋಗಲು ಬಿಡಬೇಡಿ. ಹೊಸ ಅಂಕ ಬಂದ ಮೇಲೆ ಅವನ್ನು ಸಿಇಟಿ ರ‍್ಯಾಂಕಿಗೆ ಪರಿಗಣಿಸುವ ಬಗ್ಗೆ ಪರೀಕ್ಷಾ ಪ್ರಾಧಿಕಾರ ನೀಡುವ ಸೂಚನೆಯನ್ನೂ ಗಡುವನ್ನೂ ನೀವೇ ಕಾದು ನೋಡಿ. ಆ ಹೊತ್ತಿನಲ್ಲಿ ಅವಳು ಓದಿಕೊಳ್ಳಲಿ.