ದೋಣಿ ಮೋಟಾರಿನ ಆಯಿಲ್ ಚೈನ್ ಸಾಗೆ ಹಾಕಬಹುದಾ?

ಬೇಡ, ಹಾಕಬೇಡಿ. ಅಂಕೋಲಾದಲ್ಲಿ ದೋಣಿ ಸಾಮಾನಿನ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತಿದೆ, ಬಾಟಲಿ ಮೇಲೆ ಟೂ ಸ್ಟ್ರೋಕ್ (ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಇಂಜಿನ್) ಅಂತಲೇ ಇದೆ, ಹಾಗಿದ್ದರೆ ಚೈನ್ ಸಾಗೆ ಯಾಕೆ ಆಗಬಾರದು, ಚೈನ್ ಸಾ ಕಂಪನಿಯದೇ ಆಯಿಲ್‌ಗೆ ದುಡ್ಡು ಸುರಿಯಬೇಕಾ ಅಂತ ಕೇಳಿದ್ದೀರಿ. ನಾನು ಸಿರಸಿ ಕಡೆಯವನು. ತೋಟ, ಬೆಟ್ಟದ ಕೆಲಸಕ್ಕೆ ಚೈನ್ ಸಾ ಮತ್ತು ಕಳೆ ಕೊಚ್ಚುವ ಮಿಷನ್ ಎರಡೂ ಇಟ್ಟುಕೊಂಡಿದ್ದೇನೆ, ಊರಿನವರ ಮಿಷನ್ ಬಿಚ್ಚಿ ನೋಡುವುದೂ ಉಂಟು. ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮೊದಲು ಬಾಟಲಿಯ ಹಿಂಭಾಗ ತಿರುಗಿಸಿ ನೋಡಿ. ಅಲ್ಲಿ ಟಿಸಿ-ಡಬ್ಲ್ಯೂ3 ಅಂತ ಇದ್ದರೆ ಅದು ಔಟ್‌ಬೋರ್ಡ್ ಮೋಟಾರಿನ, ಅಂದರೆ ದೋಣಿಯ ಹಿಂದೆ ಸಿಕ್ಕಿಸುವ ಮೋಟಾರಿನ ಆಯಿಲ್. ಕಾರವಾರದಿಂದ ಭಟ್ಕಳದ ತನಕ ಬಂದರು ಇರುವಲ್ಲೆಲ್ಲ ದೋಣಿಯವರಿಗೆ ಬೇಕಾದದ್ದು ಇದೇ. ಕೆಟ್ಟ ಆಯಿಲ್ ಅಂತ ನಾನು ಹೇಳುತ್ತಿಲ್ಲ, ಅದರ ಕೆಲಸ ಬೇರೆ ಅಷ್ಟೆ. ಔಟ್‌ಬೋರ್ಡ್ ಇಂಜಿನ್ ಕೆಳಗಿನ ನೀರನ್ನೇ ಎಳೆದುಕೊಂಡು ತಣ್ಣಗಾಗುತ್ತದೆ, ಹಾಗಾಗಿ ಅದರ ಸಿಲಿಂಡರ್ ಅಷ್ಟು ಕಾಯುವುದಿಲ್ಲ. ಚೈನ್ ಸಾಗೆ ಗಾಳಿ ಬಿಟ್ಟರೆ ಬೇರೆ ಗತಿ ಇಲ್ಲ, ಅದೂ ನಿಮಿಷಕ್ಕೆ 10,000 ಸುತ್ತಿನ ಆಚೀಚೆ ತಿರುಗುತ್ತಾ, ಪೂರ್ತಿ ಥ್ರಾಟಲ್‌ನಲ್ಲಿ, ಏಪ್ರಿಲ್ ಬಿಸಿಲಲ್ಲಿ ಅಕೇಶಿಯಾ ದಿಮ್ಮಿ ಕೊಯ್ಯುವಾಗ ಅದರ ಪಿಸ್ಟನ್ ಎಷ್ಟು ಕಾಯಬಹುದು ಯೋಚನೆ ಮಾಡಿ. ದೋಣಿ ಆಯಿಲ್‌ನಲ್ಲಿರುವ ಮಸಿ ತೊಳೆಯುವ ಅಂಶವನ್ನು ಬೂದಿ ಉಳಿಯದ ಹಾಗೆ, ಕಡಿಮೆ ಬಿಸಿಗೆ ಅಂತಲೇ ಮಾಡಿರುತ್ತಾರೆ. ಇಷ್ಟು ಬಿಸಿಯಲ್ಲಿ ಅದಕ್ಕೆ ಕೆಲಸ ಮಾಡಲಿಕ್ಕೆ ಆಗುವುದಿಲ್ಲ. ಪಿಸ್ಟನ್ ಸುತ್ತ ರಿಂಗ್ ಕೂರುವ ಕಚ್ಚಿನಲ್ಲಿ ಅಂಟು ಕಟ್ಟುತ್ತದೆ, ರಿಂಗ್ ಹಿಡಿದುಕೊಳ್ಳುತ್ತದೆ, ಆಮೇಲೆ ಕಂಪ್ರೆಶನ್ (ಸಿಲಿಂಡರ್ ಒಳಗಿನ ಒತ್ತಡ) ಹೋಗುತ್ತದೆ.

ನಿಮಗೆ ಬೇಕಾದದ್ದು ಜಾಸೋ ಗ್ರೇಡ್ ಇರುವ ಆಯಿಲ್. ಎಫ್‌ಬಿ, ಎಫ್‌ಸಿ, ಎಫ್‌ಡಿ ಅಂತ ಇರುತ್ತವೆ. ಜಪಾನಿನವರ ಲೆಕ್ಕ ಇದು, ಗಾಳಿಯಲ್ಲಿ ತಣ್ಣಗಾಗುವ ಟೂ ಸ್ಟ್ರೋಕ್ ಇಂಜಿನ್‌ಗಳಲ್ಲಿ ಪರೀಕ್ಷೆ ಮಾಡಿ ಕೊಡುವ ಗ್ರೇಡ್. ಜಾಸ್ತಿ ಜನರಿಗೆ ತಿಳಿಯದ ವಿಷಯ ಏನೆಂದರೆ, ಜಾರುಗುಣದಲ್ಲಿ ಮೂರಕ್ಕೂ ಬೇಕಾದ ಕನಿಷ್ಠ ಅಂಕ ಒಂದೇ, 95. ವ್ಯತ್ಯಾಸ ಇರುವುದು ಕೊಳೆಯಲ್ಲಿ. ಪಿಸ್ಟನ್ ಚೊಕ್ಕ ಇಡುವ ಗುಣಕ್ಕೆ ಎಫ್‌ಬಿಗೆ 85 ಸಾಕು, ಎಫ್‌ಸಿಗೆ 95 ಬೇಕು, ಎಫ್‌ಡಿಗೆ 125. ಹೊಗೆ ಮತ್ತು ಸೈಲೆನ್ಸರ್ ಕಟ್ಟುವ ವಿಷಯದಲ್ಲಿ ಎಫ್‌ಬಿ ತುಂಬ ಹಿಂದೆ, ಎಫ್‌ಸಿ ಮತ್ತು ಎಫ್‌ಡಿ ಸರಿಸಮ. ಹಾಗಾಗಿ ಎಫ್‌ಡಿ ಸಿಕ್ಕಿದರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ, ಬ್ರ್ಯಾಂಡ್ ಯಾವುದಾದರೂ ಆಗಲಿ. ಬಾಟಲಿ ಮೇಲೆ ಐಎಸ್‌ಒ ಇಜಿಡಿ ಅಂತ ಇದ್ದರೂ ಅದೇ ಮಟ್ಟದ್ದು. ಹಳೇ ಆರ್‌ಎಕ್ಸ್ 100 ಬೈಕಿಗೆ ಹಾಕುವ 2ಟಿ (ಟೂ ಸ್ಟ್ರೋಕ್) ಆಯಿಲ್ ಆಗುತ್ತಾ ಅಂತಲೂ ಕೇಳುತ್ತಾರೆ. ಎಫ್‌ಸಿ ಅಂತ ಗ್ರೇಡ್ ಇದ್ದರೆ ಆಗುತ್ತದೆ, ದೋಣಿಯದಕ್ಕಿಂತ ನೂರು ಪಾಲು ವಾಸಿ. ಗ್ರೇಡೇ ಬರೆಯದ ಲೂಸ್ ಆಯಿಲ್ ಮಾತ್ರ ಮುಟ್ಟಬೇಡಿ. ಕಾರು, ಬೈಕಿನ 20ಡಬ್ಲ್ಯೂ-40 ಇಂಜಿನ್ ಆಯಿಲ್ ಅಂತೂ ಪೆಟ್ರೋಲಿಗೆ ಬೆರೆಸುವುದೇ ಅಲ್ಲ.

ಇನ್ನು ಅಳತೆ. ಮಿಷನ್ ಜೊತೆ ಬಂದ ಪುಸ್ತಕದಲ್ಲಿ ಇದ್ದದ್ದೇ ಕೊನೆ ಮಾತು. ಸಾಮಾನ್ಯವಾಗಿ 50ಕ್ಕೆ 1, ಅಂದರೆ ಲೀಟರ್ ಪೆಟ್ರೋಲಿಗೆ 20 ಎಂಎಲ್ ಆಯಿಲ್. ಆದರೆ ಕಂಪನಿಯದಲ್ಲದ ಆಯಿಲ್ ಹಾಕುವಾಗ ಕೆಲವು ಪುಸ್ತಕಗಳಲ್ಲಿ ಅಳತೆ ಬೇರೆ. ಚೈನ್ ಸಾ ಮಾಡುವ ಹಸ್ಕ್‌ವರ್ನಾದವರು ಎಫ್‌ಬಿ ಮಟ್ಟದ ಬೇರೆ ಆಯಿಲ್ ಆದರೆ 33ಕ್ಕೆ 1 ಅನ್ನುತ್ತಾರೆ, ಇನ್ನೊಂದು ಕಂಪನಿ ಸ್ಟಿಲ್‌ನ ಕೆಲವು ಪುಸ್ತಕಗಳಲ್ಲಿ 25ಕ್ಕೆ 1 ಅಂತ ಇದೆ. ಲೀಟರಿಗೆ 30, 40 ಎಂಎಲ್ ಆಯಿತು. ಕಂಪನಿ ಆಯಿಲ್ ದುಬಾರಿ ಅನ್ನುವವರು ಈ ಲೆಕ್ಕವನ್ನೂ ಹಾಕಬೇಕು, ಡಬಲ್ ಸುರಿದರೆ ಉಳಿತಾಯ ಎಲ್ಲಿ ಬಂತು? ಮೆಡಿಕಲ್ ಶಾಪಿನಲ್ಲಿ 20 ಎಂಎಲ್ ಸಿರಿಂಜ್ ಒಂದು ತಂದಿಡಿ, ಮುಚ್ಚಳದ ಅಂದಾಜು ಬೇಡ. ಆಯಿಲ್ ಜಾಸ್ತಿಯಾದರೆ ಇಂಜಿನ್‌ಗೆ ಒಳ್ಳೆಯದು ಅಂತ ನಮ್ಮ ಕಡೆ ಒಂದು ನಂಬಿಕೆ ಇದೆ. ಅದು ಸರಿಯಲ್ಲ. ಆಯಿಲ್ ಹೆಚ್ಚಾದಷ್ಟೂ ಅದೇ ಹನಿಯಲ್ಲಿ ಪೆಟ್ರೋಲ್ ಕಮ್ಮಿಯಾಗುತ್ತದೆ, ಇಂಜಿನ್ ಇನ್ನೂ ಕಾಯುತ್ತದೆ. ಜೊತೆಗೆ ಸೈಲೆನ್ಸರ್ ಜಾಲರಿಯಲ್ಲಿ ಮಸಿ ಕಟ್ಟಿ ಉಸಿರು ಹಿಡಿದ ಹಾಗಾಗುತ್ತದೆ. ಬೆರೆಸುವುದು ಯಾವಾಗಲೂ ಬೇರೆ ಕ್ಯಾನಿನಲ್ಲಿ, ಮಿಷನ್ ಟ್ಯಾಂಕಿನಲ್ಲಿ ಅಲ್ಲ. ತುಂಬುವ ಮೊದಲು ಇನ್ನೊಮ್ಮೆ ಕುಲುಕಿ.

ಆಯಿಲ್ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳುವವರು ಪೆಟ್ರೋಲ್ ಬಗ್ಗೆ ಯೋಚಿಸುವುದೇ ಇಲ್ಲ, ನನಗೆ ಜಾಸ್ತಿ ಬೇಜಾರಾಗುವುದು ಇಲ್ಲಿ. ಈಗ ಬಂಕಿನಲ್ಲಿ ಸಾಮಾನ್ಯವಾಗಿ ಸಿಗುವುದು ಇ20, ನೂರಕ್ಕೆ 20 ಪಾಲು ಎಥನಾಲ್. ಸ್ಕ್ರೂ ತಿರುಗಿಸಿ ಹೊಂದಿಸುವ ಹಳೇ ನಮೂನೆ ಕಾರ್ಬೊರೇಟರ್ ಇರುವ ಮಿಷನ್‌ಗಳಿಗೆ 10 ಪಾಲಿನ ಮೇಲೆ ಬೇಡ ಅಂತ ಪುಸ್ತಕದಲ್ಲೇ ಇರುತ್ತದೆ. ಎಥನಾಲ್ ನೀರಿನ ಪಸೆ ಹೀರುತ್ತದೆ, ನಮ್ಮ ಜಿಲ್ಲೆಯ ಮಳೆಗಾಲದ ಹವೆ ಬಗ್ಗೆ ನಿಮಗೆ ನಾನು ಹೇಳಬೇಕಾ? ನೀರು ಜಾಸ್ತಿಯಾದರೆ ಎಥನಾಲ್, ನೀರು ಎರಡೂ ಸೇರಿ ಕೆಳಗೆ ಇಳಿದು ಬೇರೆ ಪದರ ಆಗುತ್ತದೆ. ಟ್ಯಾಂಕಿನ ತಳದಲ್ಲಿರುವ ಫಿಲ್ಟರ್ ಮೊದಲು ಎಳೆಯುವುದು ಅದನ್ನೇ, ಅದರಲ್ಲಿ ಆಯಿಲ್ ಇಲ್ಲವೇ ಇಲ್ಲ ಅನ್ನಬೇಕು. ಎಂಥ ಎಫ್‌ಡಿ ಹಾಕಿದ್ದರೂ ಪಿಸ್ಟನ್ ಒಣಗಿ ಓಡುತ್ತದೆ. ಹಾಗಾಗಿ ಒಂದೆರಡು ವಾರಕ್ಕೆ ಬೇಕಾದಷ್ಟೇ ಬೆರೆಸಿ, ತಿಂಗಳ ಮೇಲೆ ಇಡಬೇಡಿ. ಕ್ಯಾನ್ ಪೂರ್ತಿ ಮುಚ್ಚಿ ನೆರಳಲ್ಲಿ ಇಡಿ. ತೆಳು ಪ್ಲಾಸ್ಟಿಕ್ ನೀರಿನ ಬಾಟಲಿಯಲ್ಲಿ ಪೆಟ್ರೋಲ್ ಇಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಈಗಾಗಲೇ ಒಂದೆರಡು ಟ್ಯಾಂಕ್ ದೋಣಿ ಆಯಿಲ್‌ನಲ್ಲಿ ಓಡಿಸಿದ್ದೇನೆ ಅಂತಲೂ ಬರೆದಿದ್ದೀರಿ. ಗಾಬರಿ ಬೇಡ, ಅಷ್ಟಕ್ಕೇ ಏನೂ ಆಗಿರುವುದಿಲ್ಲ. ಟ್ಯಾಂಕ್ ಖಾಲಿ ಮಾಡಿ ಹೊಸ ಮಿಶ್ರಣ ಹಾಕಿ. ಅನುಮಾನ ಇದ್ದರೆ ಮಿಷನ್ ಪೂರ್ತಿ ತಣ್ಣಗಾದ ಮೇಲೆ ಪ್ಲಗ್ ಕ್ಯಾಪ್ ತೆಗೆದಿಟ್ಟು, ಬೋಲ್ಟ್ ಬಿಚ್ಚಿ ಸೈಲೆನ್ಸರ್ ತೆಗೆಯಿರಿ. ಅಲ್ಲಿ ಹೊಗೆ ಹೊರಬರುವ ತೂತಿನಲ್ಲಿ ಟಾರ್ಚ್ ಬಿಟ್ಟು, ಸ್ಟಾರ್ಟ್ ಮಾಡುವ ಹಗ್ಗ ನಿಧಾನ ಎಳೆಯುತ್ತಾ ಪಿಸ್ಟನ್ ಪಕ್ಕೆ ನೋಡಿ. ಅಡ್ಡಡ್ಡ ನವಿರಾದ ಗೆರೆಗಳಿದ್ದರೆ ಅದು ಫ್ಯಾಕ್ಟರಿಯಲ್ಲೇ ಆದದ್ದು, ಒಳ್ಳೆಯ ಲಕ್ಷಣ. ಮೇಲಿಂದ ಕೆಳಕ್ಕೆ ಉದ್ದ ಗೀರು ಬಿದ್ದು ಬೂದು ಬಣ್ಣಕ್ಕೆ ಒರಟಾಗಿದ್ದರೆ ಆಯಿಲ್ ಸಾಲದೆ ಉಜ್ಜಿದೆ ಅಂತ ಅರ್ಥ, ಮುಂದೆ ಓಡಿಸದೆ ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ರಿಂಗಿನ ಮೇಲೆ ಕಪ್ಪು ಅಂಟು ಕಂಡರೆ ಅದನ್ನೂ ತೋರಿಸಿ. ಮಿಷನ್ ಮಾಡೆಲ್ ಯಾವುದು, ಕಾರ್ಬೊರೇಟರ್‌ಗೆ ಹೊರಗೆ ಸ್ಕ್ರೂ ಇದೆಯಾ ಇಲ್ಲವಾ ಅಂತ ಬರೆದರೆ ಅಳತೆ ಎಷ್ಟು ಅಂತ ನಿಖರವಾಗಿ ಹೇಳಬಹುದು.